ಯಾರ ಪಾಲಿಗೂ ಬಾರದ ತಿಂಗಳು

ಅವ್ವನ ಪಾಳಿಯ ಪಟ್ಟಿ ಬರೆದವನು ನಾನೇ. ನಾವು ವಿಜಾಪುರದ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಇಬ್ಬರು ಅಣ್ಣತಮ್ಮಂದಿರು. ಅಣ್ಣ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಉಲ್ಹಾಸನಗರದ ಬಟ್ಟೆ ಪೇಟೆಯಲ್ಲಿ ಗಂಟು ಹೊರುತ್ತಿದ್ದ. ಅವನ ಮನೆ ವಿಠ್ಠಲವಾಡಿ ಸ್ಟೇಷನ್ನಿನ ಹಿಂದಿನ ಚಾಳಿನಲ್ಲಿತ್ತು. ನಾನು ಮ್ಯಾಟ್ರಿಕ್ ಪಾಸಾದವನು, ಡೊಂಬಿವಲಿಯ ಒಂದು ಬಣ್ಣದ ಕಾರ್ಖಾನೆಯ ಟೈಂ ಆಫೀಸಿನಲ್ಲಿ ಗುಮಾಸ್ತ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರ ರಜೆ ಎಷ್ಟು ಉಳಿದಿದೆ ಎಂದು ನೋಡುವುದು ನನ್ನ ಕೆಲಸ. ಆ ಕೆಲಸದ ಸೊಕ್ಕು ನನಗೆ ಮನೆಯಲ್ಲೂ ಇತ್ತು.

ಅವ್ವನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ನಾಲಿಗೆ ಮಾತ್ರ ಉಳಿಯಿತು, ಮೊದಲಿಗಿಂತ ಹರಿತವಾಗಿ. ಊರಿನಿಂದ ಅವಳನ್ನು ಕರೆತಂದ ವಾರವೇ ನಾನು ಒಂದು ಹಾಳೆ ತೆಗೆದುಕೊಂಡು ಕುಳಿತೆ. ಒಂದು ತಿಂಗಳು ಅವನಲ್ಲಿ, ಒಂದು ತಿಂಗಳು ನನ್ನಲ್ಲಿ. ಅವ್ವನಿಗೆ ಇಂಗ್ಲಿಷ್ ತಿಂಗಳು ತಿಳಿಯುತ್ತಿರಲಿಲ್ಲ. ಅಮಾವಾಸ್ಯೆ ಕಳೆದು ಪಾಡ್ಯದ ದಿನವಾದರೆ ಮಾತ್ರ ಹೊಸ್ತಿಲು ದಾಟುತ್ತೇನೆ ಎಂದು ಹಟ ಹಿಡಿದಳು. ಆದ್ದರಿಂದ ಚೈತ್ರ ಅಣ್ಣನಿಗೆ, ವೈಶಾಖ ನನಗೆ, ಜ್ಯೇಷ್ಠ ಅಣ್ಣನಿಗೆ, ಆಷಾಢ ನನಗೆ, ಹೀಗೆ ಹನ್ನೆರಡು ತಿಂಗಳ ಹೆಸರನ್ನೂ ಎರಡು ಸಾಲುಗಳಲ್ಲಿ ದುಂಡಗೆ ಬರೆದು, ಒಂದು ಪ್ರತಿಯನ್ನು ಅವನ ಗೋಡೆಗೆ, ಇನ್ನೊಂದನ್ನು ನನ್ನ ಗೋಡೆಗೆ ಅಂಟಿಸಿದೆ. ಅಣ್ಣ ಓದಿಸಿಕೊಂಡು ತಲೆ ಆಡಿಸಿದ.

ಪ್ರತಿ ಪಾಡ್ಯಕ್ಕೆ ಅವಳನ್ನು ಲೋಕಲ್ ಗಾಡಿಯಲ್ಲಿ ಸಾಗಿಸುವುದು ನಮ್ಮ ಕೆಲಸ. ಕುಳಿತುಕೊಳ್ಳುವ ಡಬ್ಬಿಯಲ್ಲಿ ಅವಳಿಗೆ ಆಗುತ್ತಿರಲಿಲ್ಲ, ಸಾಮಾನಿನ ಡಬ್ಬಿಯಲ್ಲಿ ಮೀನಿನ ಬುಟ್ಟಿ, ಹಾಲಿನ ಕ್ಯಾನುಗಳ ನಡುವೆ ನೆಲದ ಮೇಲೆ ಕೂರಿಸುತ್ತಿದ್ದೆವು. "ನಾ ಏನ್ ಪಾರ್ಸಲ್ ಏನೋ? ಚೀಟಿ ಒಂದ್ ಹಚ್ಚಿಬಿಡ್ರಿ ಹಣಿಮ್ಯಾಲ" ಎನ್ನುತ್ತಿದ್ದಳು. ಮೀನಿನವರು ಭಾಷೆ ತಿಳಿಯದಿದ್ದರೂ ಅವಳ ಮುಖ ನೋಡಿ ನಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಅವಳಿಗಾಗಿ ಅಲ್ಲ, ಟೈಂ ಆಫೀಸಿನ ಗುಮಾಸ್ತನನ್ನು ಯಾರಾದರೂ ಆ ಡಬ್ಬಿಯಲ್ಲಿ ನೋಡಿಬಿಟ್ಟರೆ ಎಂದು.

ನೋಡಿಕೊಳ್ಳುವುದು ಎಂದರೆ ಏನು ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ತಿಂಗಳು ಎಂದು ಹೇಳುತ್ತಿದ್ದೆನಲ್ಲ, ಅದರಲ್ಲಿ ನನ್ನದು ಏನೂ ಇರಲಿಲ್ಲ. ಎತ್ತುವುದು, ಹೊರಳಿಸುವುದು, ಬೆಡ್‌ಪ್ಯಾನ್ ಇಡುವುದು, ತೊಳೆಯುವುದು, ಬೆನ್ನಿಗೆ ಪೌಡರ್ ಹಾಕುವುದು, ಗಂಜಿ ತಿನ್ನಿಸುವುದು, ಬೈಗಳು ಕೇಳುವುದು, ಎಲ್ಲವೂ ನನ್ನ ಹೆಂಡತಿಯದು. ಅಣ್ಣನ ತಿಂಗಳಲ್ಲಿ ಎಲ್ಲವೂ ವೈನಿಯದು, ಅಂದರೆ ನನ್ನ ಅತ್ತಿಗೆಯದು. ವೈನಿ ಅದರ ಜೊತೆಗೆ ಒಂದು ಬಟ್ಟೆ ಹೊಲಿಯುವ ಕಾರಖಾನೆಗೆ ಗುಂಡಿ ಹಚ್ಚಲು ಹೋಗುತ್ತಿದ್ದಳು. ಅವಳ ತಿಂಗಳು ಬಂದಾಗ ಕೆಲಸವನ್ನು ಮನೆಗೆ ತಂದುಕೊಳ್ಳುತ್ತಿದ್ದಳು.

ಅಣ್ಣನಿಗೂ ನನಗೂ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅವ್ವ ನನ್ನಲ್ಲಿಗೆ ಬಂದಾಗ ಬಡಕಲಾಗಿದ್ದಾಳೆ ಎಂದು ನಾನು ಅವನನ್ನು ಬೈಯುತ್ತಿದ್ದೆ, ಅವನಲ್ಲಿಗೆ ಹೋದಾಗ ಬೆನ್ನು ಕೆಂಪಾಗಿದೆ ಎಂದು ಅವನು ನನ್ನನ್ನು ಬೈಯುತ್ತಿದ್ದ. ಹೆಂಗಸರಿಬ್ಬರೂ ಪರಸ್ಪರ ಮಾತಾಡಬಾರದು ಎಂದು ಇಬ್ಬರೂ ತಾಕೀತು ಮಾಡಿದ್ದೆವು. ಅವರು ಮಾತಾಡುತ್ತಿರಲಿಲ್ಲ, ನಿಜ. ಅವ್ವನ ಬಟ್ಟೆಯ ಗಂಟಿನಲ್ಲಿ ಚೀಟಿ ಇಟ್ಟು ಕಳಿಸುತ್ತಿದ್ದರು. ಎರಡು ವರ್ಷ ಹಾಗೆ ನಡೆದಿತ್ತು ಎಂದು ನನಗೆ ತಿಳಿದದ್ದು ಒಂದು ವೈಶಾಖದಲ್ಲಿ, ಹೆಂಡತಿ ಅವ್ವನ ಸೀರೆ ಕೊಡವುವಾಗ ಒಂದು ಚೀಟಿ ನನ್ನ ಕಾಲ ಬಳಿ ಬಿದ್ದಾಗ. ವೈನಿಯ ಅಂಕುಡೊಂಕು ಅಕ್ಷರ: "ಬಲಗಡಿ ಸ್ವಂಟದ ಹತ್ರ ಕೆಂಪಗ ಆಗೇದ, ಎಡಕ್ಕ ಮಲಗಸು. ಮೂರು ದಿನಾ ಆತು ಹೊಟ್ಟಿ ಹೋಗಿಲ್ಲ, ಔಡಲೆಣ್ಣಿ ಕೊಡು. ಕಾಲು ನೋಯ್ತಾವ ಅಂದ್ರ ನಂಬಬ್ಯಾಡ, ಮಾತಾಡಬೇಕಾಗಿರತದ ಅಷ್ಟ."

ಇದನ್ನು ಓದಿ ನನಗೆ ಬಂದದ್ದು ಸಿಟ್ಟು. ನನ್ನ ಬೆನ್ನ ಹಿಂದೆ ಶತ್ರುವಿನ ಮನೆಯೊಂದಿಗೆ ಪತ್ರವ್ಯವಹಾರ!

"ಎಷ್ಟು ದಿನದಿಂದ ನಡದದ ಇದು?" ಎಂದು ಹೆಂಡತಿಯನ್ನು ಕೇಳಿದೆ.

"ಅತ್ತಿ ಬಂದಾಗಿಂದ. ನೀವು ತಿಂಗಳಾ ಹಂಚಿಗೊಂಡ್ರಿ, ನಾವು ಅತ್ತೀನ ಹಂಚಿಗೋಬೇಕಲ್ಲ" ಎಂದಳು. ಅಷ್ಟು ಹೇಳಿ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಔಡಲೆಣ್ಣೆಯ ಬಾಟಲಿ ಹುಡುಕಲು ಹೋದಳು.

ಅದು ಎಂಬತ್ತರ ಸುಮಾರಿನ ಬೇಸಿಗೆ. ನನ್ನ ಹೆಂಡತಿಯ ತವರು ಸೋಲಾಪುರ. ಅವಳ ತಂದೆ ಗಿರಣಿಯಲ್ಲಿ ಮೂವತ್ತು ವರ್ಷ ಹತ್ತಿಯ ಧೂಳು ಕುಡಿದು ಎದೆ ಹಾಳು ಮಾಡಿಕೊಂಡು ಮನೆಯಲ್ಲಿ ಕುಳಿತಿದ್ದರು. ನಮ್ಮ ಮಗಳು ಶಾಲೆಯ ಬೇಸಿಗೆ ಸೂಟಿಗೆ ಆಗಲೇ ಅಲ್ಲಿದ್ದಳು. ವೈಶಾಖ ಮುಗಿಯುತ್ತದೆ, ಅತ್ತೆ ವಿಠ್ಠಲವಾಡಿಗೆ ಹೋಗುತ್ತಾರೆ, ಜ್ಯೇಷ್ಠ ಹಿಡಿದ ಕೂಡಲೇ ಬರುತ್ತೇನೆ ಎಂದು ಹೆಂಡತಿ ತಂದೆಗೆ ಕಾಗದ ಬರೆದಿದ್ದಳು. ಆದರೆ ಆ ವರ್ಷ ಜ್ಯೇಷ್ಠ ಎರಡು. ಮೊದಲು ಅಧಿಕ ಜ್ಯೇಷ್ಠ, ಆಮೇಲೆ ನಿಜ ಜ್ಯೇಷ್ಠ. ನನ್ನ ಪಟ್ಟಿಯಲ್ಲಿ ಹನ್ನೆರಡೇ ಹೆಸರು. ಮೂರು ವರ್ಷಕ್ಕೊಮ್ಮೆ ಬರುವ ಹದಿಮೂರನೆಯದನ್ನು ಮ್ಯಾಟ್ರಿಕ್ ಪಾಸಾದ ನಾನು ಮರೆತಿದ್ದೆ.

ಅಮಾವಾಸ್ಯೆಯ ದಿನ ಅಣ್ಣನ ಮನೆಗೆ ಹೋದೆ.

"ನಾಳಿಗೆ ಬಂದು ಅವ್ವನ್ನ ಕರಕೊಂಡು ಹೋಗು. ವೈಶಾಖ ಮುಗೀತು" ಎಂದೆ.

ಅಣ್ಣ ತಂಬಾಕು ತಿಕ್ಕುತ್ತ ಗೋಡೆಯ ಪಟ್ಟಿ ತೋರಿಸಿದ. "ಅದ್ರಾಗ ಅಧಿಕ ಅಂತ ಎಲ್ಲಿ ಬರದದ? ಬೊಟ್ಟಿಟ್ಟು ತೋರ್ಸು."

"ಅಧಿಕಾನೂ ಜ್ಯೇಷ್ಠನ ಅಲ್ಲೇನು? ಜ್ಯೇಷ್ಠ ನಿಂದು."

"ನಂದು ನಿಜ ಜ್ಯೇಷ್ಠ. ಇದು ಮಲಮಾಸ, ಇದ್ರಾಗ ಮನಿ ಬದ್ಲಿ ಮಾಡಬಾರದು ಅಂತ ಗುಡಿ ಅಯ್ಯನವರು ಹೇಳ್ಯಾರ. ಎಲ್ಲಿ ಇದ್ದಾಳೋ ಅಲ್ಲೇ ಇರ್ಲಿ."

"ಯಾವಾಗಿಂದ ಶಾಸ್ತ್ರಾ ಕೇಳಾಕತ್ತಿ ನೀನು?"

"ನೀ ಬರಿಯಾಕ ಕಲ್ತಾಗಿಂದ. ಸಾಲಿ ಕಲ್ತಾಂವ ನೀನು. ಬರಿಯೂ ಮುಂದ ತಿಳೀಬೇಕಿತ್ತು. ನಾ ಅಡಾಣಿ, ಸಾಲಿ ಬಿಟ್ಟಾಂವ, ಗೋಡಿ ಮ್ಯಾಲ ಏನದ ಅಷ್ಟ ನನಗ ಗೊತ್ತು."

ಆ ಮಾತು ನನಗೆ ಚುಚ್ಚಬೇಕಾದ ಜಾಗಕ್ಕೇ ಚುಚ್ಚಿತು. ವೈನಿ ಚಹಾ ತಂದಿಟ್ಟಳು. ನಾನು ಮುಟ್ಟದೆ ಎದ್ದು ಬಂದೆ.

ಮನೆಗೆ ಬಂದಾಗ ಅವ್ವ ಎಲ್ಲವನ್ನೂ ಊಹಿಸಿಬಿಟ್ಟಿದ್ದಳು. "ಏನಂದ ನಿಮ್ಮಣ್ಣ? ಮಲಮಾಸದಾಗ ಮನಿ ಬದ್ಲಿ ಮಾಡಬಾರದಂತೋ? ಸಾಯಬಹುದಂತೇನು? ಅದೊಂದು ಕೇಳ್ಕೊಂಡು ಬಾ" ಎಂದಳು. ಆ ಕ್ಷಣದಿಂದ ನನಗೆ ಅವ್ವನೂ ಕಾಣಲಿಲ್ಲ, ಹೆಂಡತಿಯ ತಂದೆಯೂ ಕಾಣಲಿಲ್ಲ. ಅಧಿಕ ಮಾಸ ಅಣ್ಣನದು ಎಂದು ಅವನ ಬಾಯಿಂದಲೇ ಒಪ್ಪಿಸಬೇಕು, ಅಷ್ಟೇ ಕಂಡಿತು.

ಸೋಲಾಪುರದಿಂದ ಕಾರ್ಡು ಬಂತು. ನಮ್ಮ ಕಡೆ ಅಧಿಕ ಮಾಸದಲ್ಲಿ ಮಗಳನ್ನೂ ಅಳಿಯನನ್ನೂ ಕರೆದು, ಮೂವತ್ತಮೂರು ಅನಾರಸ, ಅಂದರೆ ಅಕ್ಕಿ ಬೆಲ್ಲದ ಕಜ್ಜಾಯ, ಕರಿದು ಅಳಿಯನಿಗೆ ದಾನ ಕೊಡುತ್ತಾರೆ. ಹಿಂದಿನ ಅಧಿಕ ಮಾಸದಲ್ಲಿ ಗಿರಣಿ ಬಂದ್ ಇದ್ದು ಮಾವನವರಿಗೆ ಅದು ಆಗಿರಲಿಲ್ಲ. "ಈ ಸಲ ತಪ್ಪಿಸಬೇಡಿರಿ, ಮುಂದಿನದು ನಾನು ನೋಡುವುದಿಲ್ಲ" ಎಂದು ಮಗನ ಕೈಯಲ್ಲಿ ಬರೆಸಿದ್ದರು.

ಹೆಂಡತಿ ಕಾರ್ಡನ್ನು ನನ್ನ ತಾಟಿನ ಪಕ್ಕದಲ್ಲಿಟ್ಟಳು. "ದೇವರು ಮೂರು ವರ್ಷಕ್ಕೊಮ್ಮಿ ಒಂದು ತಿಂಗಳಾ ಹೆಚ್ಚಿಗಿ ಕೊಡ್ತಾನ್ರಿ. ಅದ್ರಾಗ ಎಂಟು ದಿನಾ ನನಗ ಕೊಡ್ರಿ."

"ನಿನ್ನ ಎಂಟು ದಿನಾ ನನ್ನ ಕಡೆ ಇಲ್ಲ. ವಿಠ್ಠಲವಾಡಿ ಒಳಗ ಅದಾವ. ಹೋಗಿ ಇಸಗೊಂಡು ಬಾ."

ಅವಳು ನಿಜವಾಗಿಯೂ ಹೋದಳು. ಕಲ್ಯಾಣದ ಮಂಡಿಗೆ ತರಕಾರಿಗೆಂದು ಹೋಗಿ ಅಲ್ಲಿ ವೈನಿಯನ್ನು ಕಂಡು ಬಂದಳು. ಬಂದು ನನ್ನ ಮುಂದೆ ಬಚ್ಚಿಡದೆ ಹೇಳಿದಳು: ವೈನಿ ತನ್ನ ಕಾರಖಾನೆಯಲ್ಲಿ ಸೋಮವಾರದಿಂದ ಎಂಟು ದಿನ ರಜೆ ಕೇಳಿದ್ದಾಳೆ, ರವಿವಾರ ತಾನೇ ಬಂದು ಅತ್ತೆಯನ್ನು ಕರೆದೊಯ್ಯುತ್ತಾಳೆ, ಅಣ್ಣನಿಗೆ ಅವಳೇ ತಿಳಿಸಿ ಹೇಳುತ್ತಾಳೆ. ಎಲ್ಲ ಕೂಡಿಸಿಕೊಂಡು ಬಂದಿದ್ದಳು. ನಾನು ಹೂಂ ಎನ್ನುವುದಷ್ಟೇ ಬಾಕಿ.

"ಉಪಕಾರಕ್ಕ ಬ್ಯಾಡ. ತನ್ನ ಪಾಳಿ ಅಂತ ಅಂವಾ ಬಂದು ಒಯ್ಲಿ" ಎಂದೆ.

ಹೆಂಡತಿ ತರಕಾರಿಯ ಚೀಲವನ್ನು ಮೂಲೆಗೆ ಇಟ್ಟಳು. "ನಿಮಗ ಅವ್ವ ಬೇಕಾಗಿಲ್ಲ, ನಮ್ಮಪ್ಪ ಬೇಕಾಗಿಲ್ಲ. ಕೋರ್ಟು ಬೇಕಾಗೇದ" ಎಂದಳು.

ಬುಧವಾರ ಇನ್ನೊಂದು ಕಾರ್ಡು ಬಂತು. ಮಾವನವರಿಗೆ ಉಸಿರು ಮೇಲೆಕೆಳಗೆ ಆಗುತ್ತಿದೆ, ಕೂಡಲೇ ಬಾ. ಅವಳು ನನ್ನನ್ನು ಕೇಳಲಿಲ್ಲ. ಚೀಲ ತುಂಬಿಕೊಂಡು, ಪಕ್ಕದ ಮನೆಯ ಮರಾಠಿ ಮುದುಕಿಯೊಂದಿಗೆ ಮಾತಾಡಿ ಬಂದು, ನನ್ನ ಮುಂದೆ ನಿಂತಳು.

"ಗುರುವಾರ, ಶುಕ್ರವಾರ, ಶನಿವಾರ. ಮೂರು ದಿನಾ. ಮಧ್ಯಾಹ್ನದ ಗಂಜಿ ಬಾಜೂ ಮನಿ ಆಯಿ ತಿನಸ್ತಾರ. ಮುಂಜಾನಿ ಸಂಜಿ ನೀವು ನೋಡ್ರಿ. ರವಿವಾರ ವಿಠ್ಠಲವಾಡಿ ಅಕ್ಕ ಬರ್ತಾಳ."

"ನನಗ ರಜಾ ಇಲ್ಲ."

"ಊರ ಮಂದಿ ರಜಾ ಬರಿಯಾಂವ್ರು ನೀವು" ಎಂದು ನಕ್ಕಳು. ನಗುವಲ್ಲ ಅದು. ನನ್ನ ಹೆಸರಿನಲ್ಲಿ ಹನ್ನೊಂದು ದಿನ ರಜೆ ಉಳಿದಿದ್ದುದು ಅವಳಿಗೂ ಗೊತ್ತಿತ್ತು.

ಅವಳು ಹೋದಳು. ಈಗ ನಾನು ಹೇಳಬೇಕಾದದ್ದು ಇಲ್ಲಿಂದ ಮುಂದಿನದು. ಇದನ್ನು ಯಾರ ಮುಂದೆಯೂ ಹೇಳಿಲ್ಲ.

ಗುರುವಾರ ಬೆಳಿಗ್ಗೆ ಅವ್ವ ಬೆಡ್‌ಪ್ಯಾನ್ ಕೇಳಿದಳು. ಮೇಲಿನಿಂದ ಇಡಬೇಕೋ, ಕೆಳಗಿನಿಂದ ತಳ್ಳಬೇಕೋ ನನಗೆ ಗೊತ್ತಿರಲಿಲ್ಲ. ಎರಡು ವರ್ಷ ಅದೇ ಒಂದು ಕೋಣೆಯಲ್ಲಿ ನಾನು ಗೋಡೆಯ ಕಡೆ ಮುಖ ಮಾಡಿ ಪೇಪರು ಓದುತ್ತಿದ್ದೆ. ಅವಳ ಸೊಂಟ ಎತ್ತಲು ಹೋಗಿ ಕೈ ಜಾರಿತು, ಹಾಸಿಗೆಯೆಲ್ಲ ಆಯಿತು. ನಾನು ಮೂಗು ಮುಚ್ಚಿಕೊಂಡೆ. ಬಾಗಿಲ ಹೊರಗೆ ಹೋಗಿ ನಿಂತುಬಿಟ್ಟೆ.

"ಓಡಬ್ಯಾಡೋ. ನಿಂದು ನಾ ನಾಕು ವರ್ಷ ಎತ್ತೀನಿ, ಮೂಗು ಮುಚ್ಚಿಗೊಂಡಿಲ್ಲ" ಎಂದು ಒಳಗಿನಿಂದ ಕೂಗಿದಳು. ಪಕ್ಕದ ಮನೆಯವರೆಲ್ಲ ಕೇಳಿಸಿಕೊಂಡರು. ಮರಾಠಿ ಮುದುಕಿ ಬಂದು ನನ್ನನ್ನು ಬದಿಗೆ ಸರಿಸಿ, ಹತ್ತೇ ನಿಮಿಷದಲ್ಲಿ ಎಲ್ಲ ಮಾಡಿ ಮುಗಿಸಿ, "ತುಮ್ಹೀ ಫಕ್ತ ಉಭೇ ರಾಹಾ" ಎಂದು ಹೋದಳು. ನೀವು ಸುಮ್ಮನೆ ನಿಂತಿರಿ, ಸಾಕು ಎಂದು. ಸಂಜೆಯೂ ಅದೇ ಕತೆ. ಅವ್ವ ಆ ದಿನ ರೊಟ್ಟಿ ಮುಟ್ಟಲಿಲ್ಲ. ತಿಂದರೆ ಮತ್ತೆ ಕೇಳಬೇಕಾಗುತ್ತದೆ ಎಂದು ಅವಳು ಬಿಟ್ಟಿದ್ದಳು ಎಂಬುದು ನನಗೆ ಹೊಳೆಯದಿರಲಿಲ್ಲ. ಹೊಳೆದರೂ ಒಳ್ಳೆಯದೇ ಆಯಿತು ಎಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ನಾನು ಅವಳ ಬಟ್ಟೆಯ ಗಂಟು ಕಟ್ಟಿದೆ. ಅಧಿಕ ಮಾಸ ಅಣ್ಣನದು, ನ್ಯಾಯ ನ್ಯಾಯವೇ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ನ್ಯಾಯವಲ್ಲ, ಬೆಡ್‌ಪ್ಯಾನ್. ಅದನ್ನು ನ್ಯಾಯ ಎಂದು ಕರೆಯುವಷ್ಟು ನಾನು ಓದಿದ್ದೆ, ಅಷ್ಟೇ.

ಒಬ್ಬ ಹಮಾಲನನ್ನು ಹಿಡಿದು ಅವಳನ್ನು ಸಾಮಾನಿನ ಡಬ್ಬಿಗೆ ಹತ್ತಿಸಿದೆ. ವಿಠ್ಠಲವಾಡಿಯಲ್ಲಿ ಇಳಿದಾಗ ಎಂಟೂವರೆ. ಅಣ್ಣ ಏಳಕ್ಕೆ ಪೇಟೆಗೆ ಹೋಗುತ್ತಾನೆ, ವೈನಿ ಎಂಟಕ್ಕೆ ಕಾರಖಾನೆಗೆ ಹೋಗುತ್ತಾಳೆ, ಅವಳ ರಜೆ ಸೋಮವಾರದಿಂದ, ಇದೆಲ್ಲ ನನಗೆ ಗೊತ್ತಿತ್ತು. ಆಮೇಲೆ ಕೇಳಿದವರಿಗೆ ಗೊತ್ತಿರಲಿಲ್ಲ ಎಂದೆ. ಗೊತ್ತಿದ್ದೇ ಆ ಹೊತ್ತನ್ನು ಆರಿಸಿಕೊಂಡೆ. ಮನೆಯಲ್ಲಿ ಯಾರಾದರೂ ಇದ್ದರೆ ಬೇಡ ಎನ್ನಬಹುದಿತ್ತು.

ಅವಳನ್ನು ಬೆನ್ನ ಮೇಲೆ ಹೊತ್ತು ಚಾಳಿನವರೆಗೆ ತಂದು, ಬೀಗ ಹಾಕಿದ ಬಾಗಿಲ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದೆ.

"ಕೀಲಿ ಹಾಕೇದಲ್ಲೋ" ಎಂದಳು ಅವ್ವ.

"ಈಗ ಬರ್ತಾರ."

"ಯಾವಾಗ?"

"ಈಗ."

"ನನ್ನ ಮಾರಿ ನೋಡಿ ಹೇಳು."

ನಾನು ಗಂಟನ್ನು ಅವಳ ಎಡಗೈಯ ಕೆಳಗೆ ಒತ್ತಿ ಇಟ್ಟೆ. ಎದುರಿನ ಮನೆಯ ಸಿಂಧಿ ಹೆಂಗಸು ಹಪ್ಪಳ ಒಣಹಾಕುತ್ತಿದ್ದವಳು ತಲೆ ಎತ್ತಿದಳು. "ಅರೇ ಭಾಯಿ, ಬುಡ್ಢೀ ಕೋ ಕಿಧರ್ ಛೋಡ್ ಕೇ ಜಾತಾ ಹೈ?" ಮುದುಕಿಯನ್ನು ಎಲ್ಲಿ ಬಿಟ್ಟು ಹೋಗುತ್ತೀ ಎಂದು.

"ಇಸ್ ಕಾ ಲಡ್‌ಕಾ ಅಭೀ ಆತಾ ಹೈ" ಎಂದೆ. ಇವಳ ಮಗ ಈಗ ಬರುತ್ತಾನೆ ಎಂದು.

"ತೋ ತೂ ಕೌನ್ ಹೈ?" ಹಾಗಾದರೆ ನೀನು ಯಾರು ಎಂದು.

ನಾನು ಸ್ಟೇಷನ್ನಿನ ಕಡೆ ನಡೆದೆ. ಹತ್ತು ಗಂಟೆಗೆ ಕಾರ್ಖಾನೆಯಲ್ಲಿದ್ದೆ. ತಡವಾಗಿ ಬಂದವರ ಹೆಸರು ಬರೆಯುವ ಪುಸ್ತಕದಲ್ಲಿ ನನ್ನ ಹೆಸರನ್ನು ಬರೆಯಲಿಲ್ಲ.

ಅವ್ವ ಆ ಕಟ್ಟೆಯ ಮೇಲೆ ಮಧ್ಯಾಹ್ನ ಎರಡು ಗಂಟೆಯವರೆಗೆ ಕುಳಿತಿದ್ದಳು. ಹನ್ನೊಂದರ ನಂತರ ಅಲ್ಲಿಗೆ ನೇರ ಬಿಸಿಲು ಬರುತ್ತದೆ. ಅವಳಿಗೆ ಸರಿಯಲು ಬರುತ್ತಿರಲಿಲ್ಲ. ಸಿಂಧಿ ಹೆಂಗಸು ಹಪ್ಪಳದ ಮೇಲಿನ ಬಟ್ಟೆಯನ್ನೇ ತಂದು ಅವಳ ತಲೆಗೆ ಹೊದಿಸಿ, ನೀರು ಕುಡಿಸಿ, ಕೊನೆಗೆ ತಾನೇ ಹೋಗಿ ವೈನಿಯನ್ನು ಕಾರಖಾನೆಯಿಂದ ಕರೆದು ತಂದಳಂತೆ. ವೈನಿ ಬಂದಾಗ ಅವ್ವ ಒದ್ದೆಯಲ್ಲೇ ಕುಳಿತಿದ್ದಳು. ಮೈ ಕೆಂಡದಂತಿತ್ತು. ಜ್ವರ ನಾಲ್ಕು ದಿನ ಬಿಡಲಿಲ್ಲ ಎಂಬುದು ಆಮೇಲೆ ತಿಳಿಯಿತು. ಎಂಟು ದಿನದ ರಜೆಗೆ ಮೊದಲೇ ಎದ್ದು ಬಂದದ್ದಕ್ಕೆ ವೈನಿಯ ಕೆಲಸ ಹೋಯಿತು.

ಉಳಿದದ್ದೆಲ್ಲವನ್ನೂ ಶನಿವಾರ ಸಂಜೆ ಅಣ್ಣ ನನಗೆ ಹೇಳಿದ, ಕಾರ್ಖಾನೆಯ ಗೇಟಿನಲ್ಲಿ, ಪಾಳಿ ಬಿಡುವ ಹೊತ್ತಿನಲ್ಲಿ, ನೂರು ಜನರ ಮುಂದೆ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಮೆಲ್ಲಗೆ ಮಾತಾಡಿದ.

"ಗೆದ್ದಿ ತಗೋ. ಅಧಿಕಾನೂ ನಂದು, ನಿಜಾನೂ ನಂದು. ಎಲ್ಲಾ ತಿಂಗಳಾ ನಂದು. ನಿಂದು ಇನ್ನ ಏನೂ ಇಲ್ಲ."

ಹೆಂಡತಿ ಹತ್ತು ದಿನದ ನಂತರ ಬಂದಳು. ವೈನಿ ಸೋಲಾಪುರಕ್ಕೆ ಸುದ್ದಿ ಮುಟ್ಟಿಸಿರಲಿಲ್ಲ. ಮುಟ್ಟಿಸಿದ್ದರೆ ಇವಳು ಮರುದಿನವೇ ಓಡಿ ಬರುತ್ತಿದ್ದಳು. ಮಾವನವರು ಆ ಮಳೆಗಾಲ ದಾಟಲಿಲ್ಲ. ಆದರೆ ಆ ಹತ್ತು ದಿನ ಮಗಳ ಕೈಯಿಂದ ಊಟ ಮಾಡಿದರು, ಮಾತಾಡಿದರು. ಅಳಿಯ ಯಾಕೆ ಬರಲಿಲ್ಲ ಎಂದು ದಿನವೂ ಕೇಳಿದರಂತೆ. ಆ ದಿನಗಳನ್ನು ಅವಳಿಗೆ ಕೊಟ್ಟವಳು ವೈನಿ.

ಅವಳು ಕಲ್ಯಾಣದಲ್ಲೇ ಇಳಿದು, ಮೊದಲು ವಿಠ್ಠಲವಾಡಿಗೆ ಹೋಗಿ, ಎಲ್ಲ ತಿಳಿದುಕೊಂಡೇ ಮನೆಗೆ ಬಂದಿದ್ದಳು. ಕೂಗಾಡಲಿಲ್ಲ. ಮಂಚದ ಕೆಳಗೆ ಬಗ್ಗಿ ನೋಡಿದಳು.

"ಬೆಡ್‌ಪ್ಯಾನ್ ಎಲ್ಲದ?"

"ಕಸದಾಗ ಒಗದೆ."

"ಆಷಾಢದಾಗ ಅತ್ತಿ ಬಂದ್ರ?"

ನಾನು ಪೇಪರು ಬಿಡಿಸಿ ಗೋಡೆಯ ಕಡೆ ತಿರುಗಿದೆ. ಅವಳಿಗೆ ಅದೇ ಉತ್ತರವಾಯಿತು. ಆ ಮೇಲೆ ನನ್ನೊಂದಿಗೆ ಅಡುಗೆಯ ಮಾತು, ಮಗಳ ಶಾಲೆಯ ಮಾತು ಬಿಟ್ಟು ಬೇರೆ ಮಾತಾಡಿದ್ದು ನನಗೆ ನೆನಪಿಲ್ಲ.

ಆಷಾಢದ ಪಾಡ್ಯಕ್ಕೆ ನಾನು ಅವ್ವನನ್ನು ಕರೆತರಲು ಹೋದೆ. ಹೋಗದಿದ್ದರೆ ಜನ ಏನೆಂದಾರು ಎಂದು ಹೋದೆ. ಅಣ್ಣ ಕೆಲಸಕ್ಕೆ ಹೋಗಿದ್ದ. ವೈನಿ ನನಗೆ ಕುಳಿತುಕೊಳ್ಳಿ ಎನ್ನಲಿಲ್ಲ. "ಕರಕೊಂಡು ಹೋಗ್ರಿ, ಯಾರು ಬ್ಯಾಡ ಅಂದಾರ? ಅವರನ್ನ ಕೇಳ್ರಿ" ಎಂದು ಅವ್ವನ ಕಡೆ ಕೈ ತೋರಿಸಿದಳು.

ಅವ್ವ ನನ್ನನ್ನು ನೋಡಲಿಲ್ಲ. ವೈನಿಗೆ ಹೇಳಿದಳು: "ಯಾರೋ ಬಂದಾರ ನೋಡು. ಮನಿ ತಪ್ಪಿ ಬಂದಾರೇನೋ ಕೇಳು."

ಅಂದಿನಿಂದ ಆಷಾಢ, ಭಾದ್ರಪದ, ಕಾರ್ತಿಕ, ನನ್ನ ಹೆಸರಿನಲ್ಲಿ ಬರೆದ ತಿಂಗಳುಗಳಲ್ಲೆಲ್ಲ ನನ್ನ ಹೆಂಡತಿ ಬೆಳಿಗ್ಗೆ ಮಗಳನ್ನು ಶಾಲೆಗೆ ಕಳಿಸಿ ವಿಠ್ಠಲವಾಡಿಗೆ ಹೋಗುತ್ತಿದ್ದಳು, ಸಂಜೆ ಮರಳುತ್ತಿದ್ದಳು. ಆ ತಿಂಗಳಲ್ಲಿ ವೈನಿ ಬೇರೊಂದು ಕಡೆ ಕೆಲಸಕ್ಕೆ ಹೋಗುತ್ತಿದ್ದಳು. ಹೆಂಗಸರಿಬ್ಬರೂ ಪಾಳಿಯನ್ನು ಮುರಿಯದೆ ನಡೆಸಿದರು. ಅವ್ವ ಇನ್ನೂ ಎರಡು ವರ್ಷ ಬದುಕಿದಳು. ಒಂದು ಕಾರ್ತಿಕದ ರವಿವಾರ ನಾನು ಹೆಂಡತಿಯ ಹಿಂದೆಯೇ, ಅವಳಿಗೆ ತಿಳಿಯದಂತೆ, ಆ ಚಾಳಿನವರೆಗೆ ಹೋದೆ. ಒಳಗೆ ಹೆಂಗಸರು ಮೂವರೂ ನಗುತ್ತಿದ್ದರು. ಅವ್ವ ಯಾರನ್ನೋ ಅಣಕಿಸುತ್ತಿದ್ದಳು. ಮೂಗಿನಲ್ಲಿ ಮಾತಾಡುತ್ತ, "ನನಗ ರಜಾ ಇಲ್ಲ, ನನಗ ರಜಾ ಇಲ್ಲ" ಎಂದು. ನಾನು ಹಿಂದಕ್ಕೆ ಬಂದೆ. ಡೊಂಬಿವಲಿಯಲ್ಲಿ ಇಳಿದಾಗ ಸಿಕ್ಕ ಊರಿನವನೊಬ್ಬನಿಗೆ, ಅಣ್ಣ ನನ್ನನ್ನು ಬಾಗಿಲಲ್ಲೇ ತಡೆದು ಅಟ್ಟಿಬಿಟ್ಟ ಎಂದು ಹೇಳಿದೆ. ಅಣ್ಣ ಆಗ ಮನೆಯಲ್ಲೇ ಇರಲಿಲ್ಲ.

ಆ ಮಾತು ಬಹಳ ಸುಲಭವಾಗಿ ಹಬ್ಬಿತು. ಓದಿದವನ ಮಾತು, ಜನ ನಂಬಿದರು. ಗೇಟಿನಲ್ಲಿ ಅಣ್ಣ ಹೇಳಿದ್ದನ್ನು ಕೇಳಿಸಿಕೊಂಡವರು ಸಾಕ್ಷಿಗೂ ಸಿಕ್ಕರು: "ಎಲ್ಲಾ ತಿಂಗಳಾ ನಂದು" ಎಂದು ಅವನೇ ಹೇಳಿದ್ದನಲ್ಲ. ಅವ್ವ ಅಣ್ಣನ ಮನೆಯಲ್ಲೇ ತೀರಿಕೊಂಡಾಗ, ಮಣ್ಣಿಗೆ ಬಂದ ಊರಿನವರು ಅವನೊಂದಿಗೆ ಮಾತಾಡದೆ ನನ್ನ ಹೆಗಲು ತಟ್ಟಿ ಹೋದರು. ತಾಯಿಯನ್ನು ತಮ್ಮನಿಗೆ ಕಳಿಸದ ಪಾಪಿ ಎಂದು ಅವನ ಮಗಳ ಸಂಬಂಧ ಒಂದು ಕಡೆ ತಪ್ಪಿತು. ಅವನು ಎಲ್ಲಿಯೂ ಬಾಯಿ ಬಿಡಲಿಲ್ಲ. ತಮ್ಮ ತಾಯಿಯನ್ನು ಬಿಸಿಲಿನಲ್ಲಿ ಇಟ್ಟು ಹೋದ ಎಂದು ಹೇಳಿಕೊಳ್ಳುವುದು ಅವನಿಗೆ ತನ್ನದೇ ಮಾನ ಹೋದಂತೆ ಇತ್ತು.

ಅಣ್ಣ ಈಗಿಲ್ಲ. ನನ್ನ ಮಗಳು ಇಂದಿಗೂ ದೊಡ್ಡಪ್ಪನ ಹೆಸರು ಬಂದರೆ ಮುಖ ತಿರುಗಿಸುತ್ತಾಳೆ. ಅವಳ ಮುಂದೆ ಅಪ್ಪನ ಮಾನ ತೆಗೆಯಬಾರದೆಂದು ಅವಳ ತಾಯಿಯೂ ಹೇಳಿಲ್ಲ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಇದನ್ನು ಅವಳ ತಾಯಿಯಿಂದ ಓದಿಸಿಕೊಳ್ಳಲಿ. ಅವಳ ದೊಡ್ಡಪ್ಪ ಅಜ್ಜಿಯನ್ನು ಕಸಿದುಕೊಂಡಿರಲಿಲ್ಲ. ನಾನು ಬಿಟ್ಟು ಬಂದಿದ್ದೆ. ಅವನು ಒಳಗೆ ಕರೆದುಕೊಂಡ.